ಚಾಡಿ ಹೇಳುವ ಕುರ್ಚಿ

ಅಗೋ, ಮತ್ತೆ ಕೈ ಗುರುತು, ಕುರ್ಚಿಯ ಬಲತೋಳಿನ ಮೇಲೆ, ಐದಕ್ಕೆ ಐದೂ ಬೆರಳು ಎಣಿಸಬಹುದು, ಹಸಿರಿನ ಮೇಲೆ ಕಡುಹಸಿರು, ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುತ್ತದೆ ಎಂದುಕೊಂಡಿದ್ದೆ, ಇಲ್ಲ, ಬಾಗಿಲಲ್ಲಿ ನಿಂತು ನೋಡಿದರೂ ಕಾಣುತ್ತದೆ, ಇವರದೇ, ಇನ್ನಾರದು, ಈ ಮನೆಯಲ್ಲಿ ಇರುವುದೇ ನಾನು ಮತ್ತು ನನ್ನ ಗಂಡ — ರೀ, ಕುರ್ಚಿ ಮುಟ್ಟಿದ್ರಾ? ಬಚ್ಚಲಿನಿಂದ ಉತ್ತರ, ಇಲ್ವಲ್ಲ. ಇಲ್ಲವಂತೆ. ಇಪ್ಪತ್ತೆರಡು ವರ್ಷ ಬಸ್ಸುಗಳ ಹೊಟ್ಟೆಯ ಕೆಳಗೆ ಮಲಗಿ ನಟ್ಟು ಬಿಗಿದ ಹೆಬ್ಬೆರಳು, ಇಷ್ಟು ದಪ್ಪದ ಹೆಬ್ಬೆರಳು ಈ ಬೀದಿಯಲ್ಲಿ ಇನ್ನೊಬ್ಬರಿಗಿದ್ದರೆ ತೋರಿಸಲಿ. ಗ್ರೀಸ್ ಅಂಟಿಲ್ಲ, ಸದ್ಯ. ಬಟ್ಟೆ ಬ್ರಷ್ಷು ಎಲ್ಲಿ, ಇಲ್ಲೇ ಇಟ್ಟಿದ್ದೆನಲ್ಲ, ಥೂ, ಕೈಯಲ್ಲೇ ಹಿಡಿದುಕೊಂಡು ಹುಡುಕುತ್ತಿದ್ದೇನೆ, ಒಂದು ಸಲ ಉಜ್ಜು, ಅದೇ ದಿಕ್ಕಿಗೆ ಇನ್ನೊಂದು ಸಲ — ಹೋಯಿತು. ತೋಳೆಲ್ಲ ಮತ್ತೆ ಒಂದೇ ಬಣ್ಣ, ಗಾಳಿ ನಿಂತ ಕೆರೆಯ ಹಾಗೆ. ಗಂಟೆ ಹತ್ತು. ನಾಲ್ಕಕ್ಕೆ ಅಕ್ಕ ಬರುತ್ತಾಳೆ. ಒಂಬತ್ತು ವರ್ಷ ಹೇಗೋ ಕಳೆದೆ, ಈ ಆರು ಗಂಟೆ ಕಳೆಯುವುದು ಹೇಗೆ, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಬೆಳಗಿನಿಂದ ಈ ಕೋಣೆಯನ್ನು ನಲವತ್ತು ಸಲ ಸುತ್ತಿದ್ದೇನೆ, ಸುತ್ತಲು ಇದೇನು ಅರಮನೆಯೇ, ಹತ್ತು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ, ಅದರಲ್ಲೂ ಎರಡು ಹೆಜ್ಜೆ ಬಾಗಿಲು ತೆಗೆದರೆ ಬಾಗಿಲಿಗೇ ಹೋಗುತ್ತದೆ.

ಬರುತ್ತಾಳೆ ಎಂದರೆ ಬರುತ್ತಾಳೆ, ಮಾತು ತಪ್ಪುವವಳಲ್ಲ, ಕೂರುತ್ತಾಳೋ ಇಲ್ಲವೋ ಅದೇ ಪ್ರಶ್ನೆ. ಮಗಳ ಕೈಲಿ ಹೇಳಿಕಳುಹಿಸಿದ ಮಾತನ್ನು ನೋಡು — ಕುರ್ಚಿ ನೋಡೋಕೆ ಬರ್ತೀನಿ ಅಂತ ಹೇಳು ನಿನ್ನ ಚಿಕ್ಕಮ್ಮಂಗೆ, ಕೂರ್ತೀನಿ ಅಂದಿಲ್ಲ. ಕೇಳಿದ ತಕ್ಷಣ ನನಗೆ ಬೆಂಕಿ ಹತ್ತಿದ ಹಾಗಾಯಿತು, ನೋಡೋಕೆ ಅದೇನು ಮದುವೆ ಹೆಣ್ಣಾ ಎಂದು ಕೂಗಿದೆ, ಪಾಪ ಆ ಹುಡುಗಿ ಹೆದರಿ ನಾನು ಹೊಲಿಯುವ ಪರದೆ ಅಂಗಡಿಯ ಗಾಜಿನ ಬಾಗಿಲಿಗೆ ಆನಿಕೊಂಡಳು, ಗಿರಾಕಿಗಳೆಲ್ಲ ತಿರುಗಿ ನೋಡಿದರು, ಆಮೇಲೆ ನಾನೇ ಅವಳ ಕೈ ಹಿಡಿದು, ಬರ್ಲಿ ಕಣೆ, ನೋಡೋಕಾದ್ರೂ ಬರ್ಲಿ ಎಂದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಕೋಪ ಇಬ್ಬರಿಗೂ ಮೂಗಿನ ತುದಿಯಲ್ಲೇ, ಅವಳದು ಹೆಪ್ಪುಗಟ್ಟುವ ಕೋಪ, ನನ್ನದು ಉಕ್ಕಿ ಒಲೆ ಆರಿಸುವ ಕೋಪ, ಅಷ್ಟೇ ವ್ಯತ್ಯಾಸ. ಆವತ್ತೂ ಹೀಗೇ ಉಕ್ಕಿತು. ಗೋಡೌನಿನ ಹಿಂದಿನ ಒಂದೇ ಕೋಣೆಯ ಮನೆ, ನಮ್ಮದು ಅಂತ ಮಾಡಿದ ಮೊದಲನೆಯ ಮನೆ, ಕೂರಲು ಚಾಪೆ ಬಿಟ್ಟರೆ ಇನ್ನೊಂದಿಲ್ಲ, ಅಕ್ಕ ಬಂದಳು, ಕೂತ್ಕೋ ಅಕ್ಕ ಎಂದೆ, ಇರ್ಲಿ ಬಿಡು ಎಂದಳು, ಎರಡನೇ ಸಲ ಹೇಳಿದೆ, ಹೂಂ ಹೂಂ ಎಂದಳು, ಗೋಡೆಗೆ ಒರಗಿ ನಿಂತೇ ಇದ್ದಾಳೆ, ಕಣ್ಣು ಕೋಣೆಯೆಲ್ಲ ಸುತ್ತುತ್ತಿದೆ, ಸೋರಿದ ಗೋಡೆ, ಹಗ್ಗದ ಮೇಲಿನ ಬಟ್ಟೆ, ಮೂರನೇ ಸಲ ನನ್ನ ತಲೆ ಕೆಟ್ಟಿತು — ಏನೇ, ನನ್ನ ಚಾಪೆ ನಿಂಗೆ ಚುಚ್ಚುತ್ತಾ? ಸಿಂಹಾಸನ ತರ್ಸೋ ಯೋಗ್ಯತೆ ನಂಗಿಲ್ಲ, ನಿಂತು ನಿಂತು ನನ್ನ ಅವಮಾನ ಮಾಡ್ಬೇಡ, ಹೋಗು! ಅವಳು ಕೂಗಲಿಲ್ಲ. ಕೂಗಿದ್ದರೆ ಆವತ್ತೇ ಮುಗಿದು ಹೋಗುತ್ತಿತ್ತು. ಚೀಲ ಹೆಗಲಿಗೆ ಹಾಕಿಕೊಂಡಳು, ಸಿಂಹಾಸನ ಬೇಡ, ಒಂದು ಕುರ್ಚಿ ಅಂತ ಮಾಡ್ಕೊಂಡ ದಿನ ಹೇಳಿಕಳ್ಸು, ಬರ್ತೀನಿ, ಅಲ್ಲೀವರೆಗೂ ನಿನ್ನ ಹೊಸ್ತಿಲು ತುಳಿಯಲ್ಲ ಎಂದಳು. ತುಳಿಯಲಿಲ್ಲ. ಒಂಬತ್ತು ವರ್ಷ, ಮೂರು ಮನೆ ಬದಲಾಯಿಸಿದೆ, ಮೂರು ಹೊಸ್ತಿಲೂ ಅವಳ ಕಾಲು ಕಾಣಲಿಲ್ಲ. ನಡುವೆ ಎರಡು ಪ್ಲಾಸ್ಟಿಕ್ ಕುರ್ಚಿ ಬಂದವು, ಒಂದರ ಕಾಲು ಮುರಿಯಿತು, ಇನ್ನೊಂದು ಬಿಸಿಲಿಗೆ ಬಿಳಿಚಿಕೊಂಡಿತು, ಅದರ ಮೇಲೆ ಕೂರು ಬಾ ಎಂದು ಹೇಳಿಕಳುಹಿಸಲೇ, ಸತ್ತರೂ ಇಲ್ಲ, ಕುರ್ಚಿ ಎಂದರೆ ಅವಳು ನೋಡಿ ಬಾಯಿ ಮುಚ್ಚುವಂಥ ಕುರ್ಚಿ ಆಗಬೇಕು, ಇದು ನನ್ನ ಹಟ.

ಈಗ ನೋಡು, ಆಗಿದೆ. ನೋಡಿದರೆ ನನಗೇ ನಂಬಿಕೆ ಬರುವುದಿಲ್ಲ, ಎರಡು ತಿಂಗಳ ಹಿಂದೆ ಇದು ಕಸದ ಗಾಡಿಗೆ ಹೋಗಬೇಕಿದ್ದ ಅಸ್ಥಿಪಂಜರ, ಹಲ್ಲಿನ ಡಾಕ್ಟರು ಕ್ಲಿನಿಕ್ಕು ಒಡೆಸುತ್ತಿದ್ದರು, ರೋಗಿಗಳು ಕಾಯುತ್ತಾ ಕೂರುವ ಕೋಣೆಯ ಕುರ್ಚಿ, ಹೊಟ್ಟೆ ಹರಿದು ತೆಂಗಿನ ನಾರು ಹೊರಗೆ ಬಂದಿತ್ತು, ಆದರೆ ಮರ! ತೋಳಿನ ತುದಿ ಬಾಗಿದ ರೀತಿ ನೋಡಿಯೇ ನಿಂತುಬಿಟ್ಟೆ, ಅಂಥ ಬಾಗು ಈಗಿನ ಅಂಗಡಿಯಲ್ಲಿ ಕೇಳಿದರೆ ನನ್ನ ಒಂದು ವರ್ಷದ ದುಡಿಮೆ ಕೇಳುತ್ತಾರೆ, ಇದು ಬೇಕಾ ನಿಮಗೆ ಎಂದು ಕೂಲಿಯವನನ್ನು ಕೇಳಿದೆ, ಹೊತ್ಕೊಂಡು ಹೋಗೋದಾದ್ರೆ ನಿಮ್ದೇ ಅಮ್ಮ ಎಂದ, ಹೊತ್ತುಕೊಂಡು ಬಂದೆ, ತಲೆಯ ಮೇಲೆ, ನಡುಬೀದಿಯಲ್ಲಿ, ನಾಚಿಕೆ ಯಾಕೆ, ಕದ್ದದ್ದೇ? ಇವರು ನೋಡಿ, ಹಲ್ಲು ಕೀಳಿಸ್ಕೊಳ್ಳೋಕೆ ಹೋಗಿ ಕುರ್ಚಿ ಕಿತ್ಕೊಂಡು ಬಂದ್ಯಾ ಎಂದು ನಕ್ಕರು, ನಗಲಿ, ಆದರೆ ಕೆಲಸ ಮಾಡಿದವರೂ ಇವರೇ, ಬಿಚ್ಚಿ ಸಂದಿ ಸಂದಿಗೂ ಗೋಂದು ಹಾಕಿ, ಬೋಲ್ಟು ಕೂರಿಸಿ, ಮರಕ್ಕೆ ಮರ ತಾಕದ ಹಾಗೆ ಬಸ್ಸಿನ ರಬ್ಬರ್ ವಾಷರ್ ಕೊಟ್ಟು, ಗುಜರಿಗೆ ಹೋದ ಬಸ್ಸಿನ ಡ್ರೈವರ್ ಸೀಟಿನ ಸ್ಪ್ರಿಂಗು ತಂದು ಕಟ್ಟಿದರು, ಬಟ್ಟೆ ಹೊದಿಸುವ ಮೊದಲು ಕೂತು ಕುಣಿದು ತೋರಿಸಿದರು, ಕೇಳು, ಕಿವಿಗೊಟ್ಟು ಕೇಳು, ಒಂದು ಕೀರು ಇಲ್ಲ, ಉಸಿರೂ ಬಿಡಲ್ಲ ಇದು ಎಂದರು. ನಿಜ, ಕಳ್ಳಬೆಕ್ಕಿನಷ್ಟು ನಿಶ್ಶಬ್ದ. ಬಟ್ಟೆಯ ಕೆಲಸ ನನ್ನದು. ಪರದೆ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಬೇರೆಯವರ ಕಿಟಕಿಗೆ ಹೊಲಿದವಳು, ಯಾರದೋ ದೊಡ್ಡ ಬಂಗಲೆಯ ಪರದೆಯಲ್ಲಿ ಉಳಿದ ಹಸಿರು ವೆಲ್ವೆಟ್ ತುಂಡುಗಳು, ಯಜಮಾನರನ್ನು ಕೇಳಿದೆ, ತಗೊಂಡು ಹೋಗು ಎಂದರು, ಏಳು ತುಂಡು, ಕುರ್ಚಿಗೆ ಸರಿಯಾಗಿ ಏಳೇ ಬೇಕು, ಎಂಟನೆಯದು ಇಲ್ಲ. ಅಲ್ಲೇ ಎಡವಿದ್ದು. ವೆಲ್ವೆಟ್ಟಿಗೆ ಕೂದಲಿರುತ್ತದೆ, ಒಂದು ಕಡೆ ಸವರಿದರೆ ಬೆಕ್ಕಿನ ಬೆನ್ನು, ತಿರುಗಿಸಿ ಸವರಿದರೆ ಬೆಕ್ಕನ್ನು ಬಾಲದಿಂದ ತಲೆಗೆ ಸವರಿದ ಹಾಗೆ, ಪರದೆಗೆ ಯಾವಾಗಲೂ ಕೂದಲು ಮೇಲಕ್ಕೆ ನಿಲ್ಲಬೇಕು, ಆಗ ಬಣ್ಣ ಆಳವಾಗಿ ಕಾಣುತ್ತದೆ, ಆದರೆ ಕೂರುವ ಕುರ್ಚಿಗೆ ಕೆಳಮುಖ, ಬೆನ್ನಿನಿಂದ ಮೊಣಕಾಲಿನ ಕಡೆಗೆ ಮಲಗಬೇಕು, ಗೊತ್ತಿಲ್ಲದೆ ಏನು, ಚೆನ್ನಾಗಿ ಗೊತ್ತು, ಆದರೆ ಹತ್ತೊಂಬತ್ತು ವರ್ಷದ ಕೈ, ಸೀಮೆಸುಣ್ಣ ಹಿಡಿದ ತಕ್ಷಣ ಬಾಣದ ಗುರುತು ಮೇಲಕ್ಕೇ ಎಳೆಯಿತು, ಏಳೂ ತುಂಡಿಗೆ, ಒಂದಕ್ಕಾದರೂ ತಪ್ಪಿ ಸರಿಯಾಗಬಾರದೇ! ಕೊನೆಯ ಮೊಳೆ ಹೊಡೆದು ಕೈ ಸವರಿದೆ, ಕೂದಲು ಉಲ್ಟಾ. ಸುತ್ತಿಗೆ ಎಸೆದೆ, ಅದು ಹೋಗಿ ಪಾತ್ರೆಗೆ ಬಡಿಯಿತು, ಪಾತ್ರೆ ಚಪ್ಪಟೆ. ಮರುದಿನ ಅಂಗಡಿಯಲ್ಲಿ ಕಟಿಂಗ್ ಮಾಸ್ಟರಿಗೆ ಹೇಳಿಕೊಂಡೆ, ಎಲ್ಲರ ಅಳತೆಯಲ್ಲೂ ಅರ್ಧ ಇಂಚು ತಪ್ಪು ಹುಡುಕುತ್ತಾನೆಂದು ಅವನಿಗೆ ಅರ್ಧ ಇಂಚು ಎಂದೇ ಹೆಸರು, ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ಕುರ್ಚಿಗೂ ಪರದೆ ಹಾಕಿದ್ಯಾ ತಾಯಿ, ಇನ್ನು ಮುಗೀತು, ಯಾರು ಮುಟ್ಟಿದ್ರೂ ಯಾರು ಕೂತ್ರೂ ಅದು ಚಾಡಿ ಹೇಳುತ್ತೆ, ಎದ್ದು ಹೋಗಿ ಅರ್ಧ ದಿನ ಆದ್ರೂ ಗುರುತು ಹೋಗಲ್ಲ ಎಂದ. ಚಾಡಿ ಹೇಳಲಿ, ನಿನ್ನ ಹೆಂಡತಿಗೆ ನಿನ್ನ ಮೇಲೆ ಹೇಳಲಿ ಎಂದೆ. ಆದರೂ ಒಳಗೇ ಕೊರೆಯುತ್ತದೆ. ಅಕ್ಕನ ಕಣ್ಣು ಹದ್ದಿನ ಕಣ್ಣು, ಮೊದಲು ಅದನ್ನೇ ಹಿಡಿಯುತ್ತಾಳೆ, ಕೂದಲು ಉಲ್ಟಾ ಎನ್ನುತ್ತಾಳೆ, ನನಗೆ ಸೂಜಿ ಹಿಡಿಯಲು ಕಲಿಸಿದವಳಲ್ಲವೇ.

ಬಿಡು ಬಿಡು, ಕುರ್ಚಿ ಒಂದೇ ಅಲ್ಲ, ಕೋಣೆ ಇದೆಯಲ್ಲ, ಕೋಣೆ ನೋಡಿದರೆ ಕುರ್ಚಿಯ ತಪ್ಪು ಮರೆಯುತ್ತಾಳೆ. ಬಾಗಿಲು ತೆಗೆದ ತಕ್ಷಣ ಏನು ಕಾಣುತ್ತದೆ, ನಾನು ಅಕ್ಕ ಆಗುತ್ತೇನೆ, ಹೊರಗೆ ಹೋಗಿ ಒಳಗೆ ಬರುತ್ತೇನೆ — ಹಾ! ಮೊದಲು ಎದುರಿನ ಗೋಡೆ, ಮೂರು ಗೋಡೆ ಬಿಳಿ, ಇದೊಂದೇ ಬಣ್ಣ, ಇವರ ಡಿಪೋದಲ್ಲಿ ಉಳಿದ ಮೂರು ಡಬ್ಬಿಗಳ ತಳ ಕೂಡಿಸಿ ಕಲಸಿದ್ದು, ಇಟ್ಟಿಗೆಯೂ ಅಲ್ಲ, ಜೇನೂ ಅಲ್ಲ, ಇನ್ನೊಮ್ಮೆ ಕಲಸು ಎಂದರೆ ದೇವರಾಣೆಗೂ ಬರುವುದಿಲ್ಲ, ಸಂಜೆ ಬಿಸಿಲು ಬಿದ್ದರೆ ಗೋಡೆಯೇ ದೀಪ. ಆಮೇಲೆ ಪರದೆ. ಎಲ್ಲರೂ ಮಾಡುವ ತಪ್ಪು ಯಾವುದು, ಕಿಟಕಿ ಎಷ್ಟಿದೆಯೋ ಅಷ್ಟೇ ಪರದೆ, ಮನೆಗೆ ಚಡ್ಡಿ ಹಾಕಿದ ಹಾಗೆ ಕಾಣುತ್ತದೆ, ನಾನು ಕಂಬಿಯನ್ನು ಚಾವಣಿಯ ಹತ್ತಿರ ಹೊಡೆಸಿದೆ, ಎರಡೂ ಪಕ್ಕಕ್ಕೆ ಒಂದೊಂದು ಗೇಣು ಹೆಚ್ಚಿಗೆ, ಪರದೆ ನೆಲದವರೆಗೂ, ಈಗ ಈ ಬಡಪಾಯಿ ಕಿಟಕಿ ಬಂಗಲೆಯ ಕಿಟಕಿಯ ಹಾಗೆ ಎದೆಯೆತ್ತಿ ನಿಂತಿದೆ. ಕಂಬಿ ಎಂದರೆ ನೀರಿನ ಪೈಪು, ಉಜ್ಜಿ ಕಪ್ಪು ಬಳಿದದ್ದು. ಪರದೆ ಮೂರು ಬಣ್ಣದ ತುಂಡು, ಮೇಲೆ ಬಿಳಿ, ನಡುವೆ ಬೂದಿ, ಕೆಳಗೆ ಸಾಸಿವೆ, ಅಡ್ಡಡ್ಡ ಪಟ್ಟಿ, ಬಟ್ಟೆ ಸಾಲದೆ ಜೋಡಿಸಿದ್ದು, ಆದರೆ ಹೋದ ವಾರ ಒಬ್ಬ ಗಿರಾಕಿ ಅಂಗಡಿಯಲ್ಲಿ ಹೊಸ ಬಟ್ಟೆ ಕತ್ತರಿಸಿ ಹೀಗೇ ಹೊಲಿಸಿಕೊಂಡು ಹೋದಳು, ಇದು ಫ್ಯಾಷನ್ ಎಂದಳು, ನಾನು ತುಟಿ ಕಚ್ಚಿಕೊಂಡು ನಕ್ಕೆ. ಟೀ ಇಡುವ ಮೇಜು ಕೇಬಲ್ ಸುತ್ತಿದ್ದ ಮರದ ಉರುಳೆ, ರಸ್ತೆ ಅಗೆದವರು ಬಿಟ್ಟುಹೋಗಿದ್ದು, ಇವರು ಅದನ್ನು ಉರುಳಿಸಿಕೊಂಡು ಬರುವಾಗ ಇಳಿಜಾರಿನಲ್ಲಿ ಕೈತಪ್ಪಿ, ಉರುಳೆ ಮುಂದೆ ಇವರು ಹಿಂದೆ, ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು, ನಾಲ್ಕು ದಿನ ಮಾತು ಬಿಟ್ಟಿದ್ದರು ನನ್ನ ಹತ್ತಿರ. ನೆಲದ ಮೇಲೆ ಜಮಖಾನೆ, ಪರದೆ ಅಂಚಿನಲ್ಲಿ ಕತ್ತರಿಸಿ ಬಿಸಾಡುವ ಪಟ್ಟಿಗಳನ್ನು ಜಡೆ ಹೆಣೆದು ಸುತ್ತಿ ಸುತ್ತಿ ಹೊಲಿದದ್ದು, ಅಂಗಡಿಯ ಕಸ ನನ್ನ ಮನೆಯ ಜಮಖಾನೆ, ಹೇಳಿದರೆ ತಾನೇ ಗೊತ್ತಾಗುವುದು. ಬಲ್ಬಿಗೆ ಬೆತ್ತದ ಬುಟ್ಟಿ ಬೋರಲು, ಗೋಡೆಯ ಮೇಲೆ ಬಲೆಯ ನೆರಳು. ಇನ್ನೇನೂ ಬೇಡ. ಅಲ್ಲೊಂದು ಗೊಂಬೆ ಇಲ್ಲೊಂದು ಪ್ಲಾಸ್ಟಿಕ್ ಹೂವು ಇಟ್ಟರೆ ಕೋಣೆ ಸಂತೆಯಾಗುತ್ತದೆ, ಕಣ್ಣಿಗೂ ಕೂರಲು ಜಾಗ ಬೇಕು, ಕಾಲಿಗೆ ಬೇಕಾದಂತೆ.

ಕಾಲಿಗೆ. ಹೋದ ತಿಂಗಳು ಅಕ್ಕನ ಮಗಳು ಅಂಗಡಿಗೆ ಬಂದು, ಅವಳ ಹೊಸ ಬಾಡಿಗೆ ಮನೆಗೆ ಪರದೆ ಅಳತೆ ಕೊಡುತ್ತಾ, ಏನೋ ಮಾತಿಗೆ ಮಾತು, ಅಮ್ಮನ ಮಂಡಿ ತೀರಾ ಹೋಗಿದೆ ಚಿಕ್ಕಮ್ಮ, ಈಗಲ್ಲ, ಹತ್ತು ವರ್ಷದಿಂದ ಎಂದಳು. ಕತ್ತರಿ ನಿಲ್ಲಿಸಿದೆ. ಹತ್ತು ವರ್ಷ? ಹೂಂ, ನೆಲದ ಮೇಲೆ ಕೂತ್ರೆ ಎಬ್ಬಿಸೋಕೆ ಇಬ್ಬರು ಬೇಕು, ಅದಕ್ಕೇ ಯಾರ ಮನೆಗೂ ಹೋಗಲ್ಲ, ಹೋದ್ರೆ ಕುರ್ಚಿ ಇದ್ಯಾ ಅಂತ ಕಣ್ಣಲ್ಲೇ ಹುಡುಕ್ತಾಳೆ, ಕೇಳೋಕೆ ಮಾನ ಹೋಗುತ್ತೆ ಅವಳಿಗೆ. ಕಣ್ಣಲ್ಲೇ ಹುಡುಕುತ್ತಾಳೆ. ಆವತ್ತು ನನ್ನ ಕೋಣೆಯೆಲ್ಲ ಸುತ್ತಿದ ಕಣ್ಣು, ಸೋರಿದ ಗೋಡೆ ನೋಡುತ್ತಿದ್ದಾಳೆ, ಬಡತನ ಅಳೆಯುತ್ತಿದ್ದಾಳೆ ಎಂದುಕೊಂಡೆನಲ್ಲ, ಅದು ಹುಡುಕುತ್ತಿದ್ದುದು ಕುರ್ಚಿಯನ್ನು, ಒಂದು ಪೆಟ್ಟಿಗೆಯನ್ನು, ಯಾವುದಾದರೂ ಎತ್ತರವನ್ನು. ಬಾಯಿಬಿಟ್ಟು ಹೇಳಬಾರದಿತ್ತೇ, ಮಂಡಿ ನೋವು ಕಣೆ ಎಂದು ಮೂರು ಶಬ್ದ — ನಾನೂ ಕೇಳಬಾರದಿತ್ತೇ, ಯಾಕೆ ಅಕ್ಕ ನಿಂತಿದೀಯ ಎಂದು ಮೂರು ಶಬ್ದ! ನಾನು ಕೇಳುವುದುಂಟೇ, ಬೈಯುವುದು. ಆ ದಿನ ಹುಡುಗಿಗೆ, ಕುರ್ಚಿ ಆಗ್ತಿದೆ, ಮುಗಿದ ಮೇಲೆ ಒಂದು ಭಾನುವಾರ ಬರೋಕೆ ಹೇಳು ನಿನ್ನಮ್ಮಂಗೆ ಎಂದೆ, ಮನೆಗೆ ಬಂದು ಇವರಿಗೆ, ಕುರ್ಚಿಯ ಕಾಲು ಎತ್ತರ ಮಾಡ್ಬೇಕು ಎಂದೆ. ಎಷ್ಟು? ಎರಡಿಂಚು. ಯಾಕೆ? ಕೇಳ್ಬೇಡಿ ಎಂದು ಕಿರುಚಿದೆ, ಕಿರುಚಿ ಅತ್ತೆ, ಅವರು ಗಾಬರಿಯಾಗಿ ಅಂದೇ ನಾಲ್ಕು ಕಾಲಿಗೂ ಎರಡೆರಡು ಇಂಚಿನ ಮರದ ಬಿಲ್ಲೆ ಕೂರಿಸಿದರು. ಎರಡಿಂಚು ಸರಿಯಾದ ಲೆಕ್ಕ, ಅಕ್ಕನ ಮೊಣಕಾಲು ನೆಲದಿಂದ ಎಷ್ಟೆಂದು ನನಗೆ ಗೊತ್ತು, ಅವಳ ಬಟ್ಟೆ ಹೊಲಿದವಳು ನಾನೇ, ಎತ್ತರ ಇದ್ದರೆ ಮಂಡಿ ಮಡಚುವುದು ಕಡಿಮೆ, ತೋಳಿನ ಮೇಲೆ ಕೈ ಊರಿ ಯಾರ ಸಹಾಯವೂ ಇಲ್ಲದೆ ಏಳಬಹುದು. ಇವತ್ತು ಮಾತ್ರ ನಾನು ಮಂಡಿ ಎನ್ನುವ ಶಬ್ದವನ್ನು ಬಾಯಿಗೆ ತರಬಾರದು. ತಂದರೆ ಎದ್ದು ಹೋಗುತ್ತಾಳೆ. ಎದ್ದು ಹೋಗುವುದೇನು, ಕೂತರೆ ತಾನೇ.

ಯಾರು, ಬಾಗಿಲು — ಅಕ್ಕನೇ, ಇಷ್ಟು ಬೇಗ, ಗಂಟೆ ಹನ್ನೆರಡೂವರೆ, ಅಲ್ಲ, ಮೇಲ್ಮನೆಯವಳು, ಅವಳ ಮೂಗಿಗೆ ಬಣ್ಣದ ವಾಸನೆ ಹೋಗಿರಬೇಕು. ಅಯ್ಯಯ್ಯೋ ಏನ್ರೀ ಇದು, ನಿಮ್ಮನೇನೋ ಬೇರೆಯವರ ಮನೆಗೆ ಬಂದ್ನೋ ಎಂದಳು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು, ಇಲ್ಲ ಎನ್ನುವುದು ಸುಳ್ಳು. ಪರದೆ ಹಿಡಿದು ನೋಡಿದಳು, ಉರುಳೆ ತಟ್ಟಿ ನೋಡಿದಳು, ಬುಟ್ಟಿಯ ದೀಪ ಎರಡು ಸಲ ಹಾಕಿ ಆರಿಸಿದಳು, ಎಲ್ಲಿ ತಗೊಂಡ್ರಿ, ಎಲ್ಲಿ ತಗೊಂಡ್ರಿ, ನಾನು ಎಲ್ಲದಕ್ಕೂ, ಮಾಡಿದ್ದು, ಮಾಡಿದ್ದು, ಮಾಡಿದ್ದು, ಆಹಾ, ಆ ಒಂದು ಶಬ್ದ ಹೇಳಲು ಎಷ್ಟು ಸುಖ. ಅಷ್ಟರಲ್ಲಿ ಅವಳು ತಿರುಗಿ, ಉಸ್ಸಪ್ಪಾ ಎಂದು ಕುರ್ಚಿಯ ಕಡೆಗೆ ತನ್ನ ಆ ಗಾತ್ರ ಇಳಿಸತೊಡಗಿದಳು — ಕೂರ್ಬೇಡಿ! ನನ್ನ ಧ್ವನಿಗೆ ನಾನೇ ಬೆಚ್ಚಿದೆ, ಅವಳು ಅರ್ಧ ಬಗ್ಗಿದವಳು ಹಾಗೇ ನಿಂತಳು. ಯಾಕ್ರೀ, ಕುರ್ಚಿ ಮತ್ಯಾಕೆ ಮಾಡಿದ್ದು, ಕನ್ನಡಿ ಬೀರುವಿನಲ್ಲಿ ಇಡೋಕಾ? ಇವತ್ತು ನಮ್ಮಕ್ಕ ಕೂರ್ಬೇಕು, ಅವಳು ಕೂತ ಮೇಲೆ ಯಾರು ಬೇಕಾದ್ರೂ ಕೂತ್ಕೊಳ್ಳಿ, ಬೇಕಾದ್ರೆ ಮಲಕ್ಕೊಳ್ಳಿ ಎಂದೆ. ಅವಳಿಗೆ ಬೇಜಾರಾಯಿತು, ಮೂತಿ ತಿರುಗಿಸಿ ಹೋದಳು, ಹೋಗುವಾಗ, ಒಂದು ಕುರ್ಚಿ ಮಾಡಿದ್ದಕ್ಕೇ ಇಷ್ಟು, ಸೋಫಾ ಮಾಡಿದ್ರೆ ಏನ್ ಕಥೆಯೋ ಎಂದಳು ಮೆಟ್ಟಿಲ ಮೇಲಿಂದ. ಅನ್ನಲಿ. ನಾಳೆ ಹೋಗಿ ಸಮಾಧಾನ ಮಾಡಿದರಾಯಿತು, ಉಳಿದ ಪಟ್ಟಿಯಲ್ಲಿ ಅವಳ ಬಾಗಿಲಿಗೊಂದು ಕಾಲೊರಸು ಹೆಣೆದು ಕೊಟ್ಟರೆ ಕರಗಿಬಿಡುತ್ತಾಳೆ. ಅವಳ ಬೆರಳು ತಾಕಿದ ಗುರುತು ಬೆನ್ನಿನ ಮೇಲೆ, ನಾಲ್ಕು ಗೆರೆ, ಉಜ್ಜು, ಹೋಯಿತು.

ಮೂರು ಗಂಟೆ. ಇವರು ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ ಸ್ಟಾಪಿಗೆ ಹೊರಟರು, ಹೋಗೋ ಮುಂಚೆ ಕೈ ತೋರಿಸಿ ಎಂದೆ, ಎರಡೂ ಕೈ ಮುಂದೆ ಚಾಚಿದರು, ಶಾಲೆಯಲ್ಲಿ ಮೇಷ್ಟರಿಗೆ ಉಗುರು ತೋರಿಸುವ ಹಾಗೆ, ಆಮೇಲೆ ಹೊಸ್ತಿಲಲ್ಲಿ ನಿಂತು, ಲೇ, ಒಂದು ವೇಳೆ ಅವರು ಕೂರ್ಲಿಲ್ಲ ಅಂದ್ರೆ ಕೂಗಾಡ್ಬೇಡ ಆಯ್ತಾ ಎಂದರು. ನಾನ್ಯಾಕೆ ಕೂಗಾಡ್ಲಿ ಎಂದು ಕೂಗಿದೆ. ಹೋದರು. ಒಬ್ಬಳೇ. ಕೋಣೆ ಎಷ್ಟು ಚೆಂದ ಕಾಣುತ್ತಿದೆ ಈಗ, ಬಿಸಿಲು ಗೋಡೆ ಹತ್ತುತ್ತಿದೆ, ಸಾಸಿವೆ ಪಟ್ಟಿ ಹೊಳೆಯುತ್ತಿದೆ, ಇದು ನನ್ನದೇ, ನಾನೇ ಮಾಡಿದ್ದೇ, ಚಿಕ್ಕವಳಿದ್ದಾಗ ಅಕ್ಕನೂ ನಾನೂ ಹೊಲಿಗೆ ಯಂತ್ರದ ಮುಂದೆ ಒಂದೇ ಸ್ಟೂಲಿನ ಮೇಲೆ ಕೂರುತ್ತಿದ್ದೆವು, ಅಮ್ಮ ಹೋದ ಮೇಲೆ, ಬೆನ್ನಿಗೆ ಬೆನ್ನು ಕೊಟ್ಟು, ಅರ್ಧ ನಂದು ಅರ್ಧ ನಿಂದು ಎನ್ನುತ್ತಿದ್ದಳು, ಅವಳು ತುಳಿಯುವವಳು, ನಾನು ಗುಂಡಿ ಹಾಕುವವಳು, ನಾನು ಬೆಳೆದಂತೆ ನನ್ನ ಅರ್ಧ ದೊಡ್ಡದಾಯಿತು, ಅವಳು ಅಂಚಿಗೆ ಅಂಚಿಗೆ ಸರಿದು ಕೊನೆಗೆ ನಿಂತೇ ತುಳಿಯತೊಡಗಿದಳು, ಆಮೇಲೆ ಗಾರ್ಮೆಂಟ್ ಫ್ಯಾಕ್ಟರಿಗೆ ಹೋದಳು, ನನ್ನನ್ನು ಶಾಲೆಗೆ ಕಳುಹಿಸಲೆಂದು, ಅಲ್ಲಿ ಬಟ್ಟೆ ಕತ್ತರಿಸುವ ಯಂತ್ರ ಅವಳ ಬಲಗೈ ತೋರುಬೆರಳಿನ ತುದಿ ಉಗುರಿನ ಸಮೇತ ತೆಗೆದುಕೊಂಡಿತು, ಬಟ್ಟೆ ಸುತ್ತಿಕೊಂಡು ಮನೆಗೆ ಬಂದವಳು ಮೊದಲು ಕೇಳಿದ್ದು ಊಟ ಮಾಡಿದ್ಯಾ ಎಂದು. ಈಗಲೂ ಅವಳು ಯಾರಿಗಾದರೂ ಬೆರಳು ತೋರಿಸಿ ಬೈದರೆ ಮೊಟಕು ಬೆರಳು, ಅದಕ್ಕೇ ಬೈಗುಳವೂ ಅರ್ಧಕ್ಕೇ ನಿಂತ ಹಾಗೆ ಕಾಣುತ್ತಿತ್ತು, ನನಗೆ ನಗು ಬರುತ್ತಿತ್ತು, ನಕ್ಕರೆ ಇನ್ನೂ ಬೈಯುತ್ತಿದ್ದಳು. ಜೀವನವೆಲ್ಲ ನಿಂತೇ ಕಳೆದಳು, ನಾನು ಅವಳಿಗೆ ನಿಂತದ್ದಕ್ಕೇ ಬೈದೆ — ಬೇಡ, ಈಗ ಅಳಬಾರದು, ಕಣ್ಣು ಕೆಂಪಾದರೆ ಅವಳಿಗೆ ಗೊತ್ತಾಗುತ್ತದೆ. ಬ್ರಷ್ಷು. ಕೊನೆಯ ಸಲ. ಬೆನ್ನು, ತೋಳು ಎರಡು, ಕೂರುವ ಜಾಗ, ಎಲ್ಲ ಒಂದೇ ದಿಕ್ಕಿಗೆ, ಒಂದು ಗೆರೆ ಇಲ್ಲ, ಒಂದು ಬೆರಳಿಲ್ಲ, ಗಾಳಿ ನಿಂತ ಕೆರೆ. ಅಯ್ಯೋ! ಬಿಸ್ಕತ್ತು! ಟೀ ಜೊತೆ ಕೊಡಲು ಏನೂ ಇಲ್ಲ, ಮನೆಯೆಲ್ಲ ಸಿಂಗರಿಸಿ ಡಬ್ಬಿ ಖಾಲಿ, ನನ್ನ ತಲೆಗಿಷ್ಟು — ಬೀದಿಯಲ್ಲಿ ಮಾತು, ಇವರ ಧ್ವನಿ, ಇಳಿಸಿ ಇಳಿಸಿ ಮಾತನಾಡುತ್ತಿದ್ದಾರೆ, ಇನ್ನೊಂದು ಹೆಜ್ಜೆಯ ಸದ್ದು, ಒಂದು ಕಾಲು ಗಟ್ಟಿ, ಒಂದು ಕಾಲು ಎಳೆದು, ಗಟ್ಟಿ, ಎಳೆದು.

ಅಕ್ಕ. ಕೂದಲು ಅರ್ಧ ಬಿಳಿ. ಅದೇ ಚೀಲ. ಇವರು ಅವಳ ಹಿಂದಿನಿಂದ ನನಗೆ ಕಣ್ಣಲ್ಲೇ ಸನ್ನೆ ಮಾಡಿ, ನಾನು ಬಿಸ್ಕತ್ತು ತರ್ತೀನಿ ಎಂದು ಹೊರಟೇಹೋದರು, ಇವರಿಗೆ ಹೇಗೆ ಗೊತ್ತಾಯಿತೋ, ಜಾಣ ನನ್ನ ಗಂಡ. ಬಾ ಅಕ್ಕ. ಹೂಂ. ಹೊಸ್ತಿಲು ದಾಟಿದಳು, ದಾಟಿದಳು, ನಾನು ನೋಡಿದೆ, ಮೊದಲು ಗಟ್ಟಿ ಕಾಲು. ಮಧ್ಯದಲ್ಲಿ ನಿಂತಳು. ಗೋಡೆ ನೋಡಿದಳು, ಬುಟ್ಟಿ ನೋಡಿದಳು, ಪರದೆಯನ್ನು ಮೇಲಿಂದ ಕೆಳಕ್ಕೆ, ಕಂಬಿ ಮೇಲೆ ಹೊಡ್ಸಿದೀಯಾ? ಹೂಂ ಅಕ್ಕ. ಒಳ್ಳೇದು ಮಾಡ್ದೆ. ಒಳ್ಳೇದು ಮಾಡ್ದೆ! ಆಮೇಲೆ ಕಣ್ಣು ಕುರ್ಚಿಗೆ ಬಂತು, ನಿಂತಿತು, ಹತ್ತಿರ ಹೋಗಲಿಲ್ಲ, ದೂರದಿಂದಲೇ, ಕೂದಲು ಉಲ್ಟಾ ಎಂದಳು. ಗೊತ್ತಿತ್ತು! ಗೊತ್ತಿತ್ತು ನನಗೆ! ಕೈ ತಪ್ಪಿತು ಅಕ್ಕ, ಕೂತ್ಕೋ. ಇರ್ಲಿ ಬಿಡು. ಅದೇ ಮಾತು, ಒಂಬತ್ತು ವರ್ಷ ಡಬ್ಬಿಯಲ್ಲಿ ಇಟ್ಟು ತೆಗೆದ ಹಾಗೆ ಅದೇ ಮಾತು. ಕೂತ್ಕೋ ಅಕ್ಕ. ನೋಡೋಕೆ ಬಂದೆ ಅಂದಿದ್ನಲ್ಲ, ನೋಡಿದೆ. ಅವಳ ಕಣ್ಣು ಕುರ್ಚಿಯ ಕಾಲಿಗೆ ಇಳಿಯಿತು, ಬಿಲ್ಲೆಗಳಿಗೆ, ಕಪ್ಪು ಬಳಿದಿದ್ದೇನೆ, ಕಂಡಿತೋ ಏನೋ, ಕಂಡಿತು, ಅವಳಿಗೆ ಕಾಣದೆ ಇರುತ್ತದೆಯೇ, ಮುಖ ಗಟ್ಟಿಯಾಯಿತು, ಗೊತ್ತಾಯಿತು ನನಗೆ ಗೊತ್ತೆಂದು, ಈಗ ಇನ್ನೂ ಕೂರುವುದಿಲ್ಲ, ನನ್ನ ಎದುರಿಗೆ ಕೈ ಊರಿ, ಮುಖ ಹಿಂಡಿ, ಕಷ್ಟಪಟ್ಟು ಇಳಿಯುವುದನ್ನು ನನಗೆ ತೋರಿಸುವವಳಲ್ಲ. ನನ್ನ ನಾಲಿಗೆಯ ತುದಿಗೆ ಬಂದಿದೆ, ಹಾಗಾದ್ರೆ ಹೋಗು ಎನ್ನುವುದು, ಬೆಂಕಿಯ ಹಾಗೆ ಬಂದಿದೆ, ಹಲ್ಲು ಕಚ್ಚಿದೆ, ಟೀ ತರ್ತೀನಿ ಎಂದೆ, ಅಡುಗೆಮನೆಗೆ ನುಗ್ಗಿದೆ, ಬಾಗಿಲಿನ ಪರದೆ ನನ್ನ ಹಿಂದೆ ಬಿತ್ತು. ಈ ಪರದೆ ನಾನೇ ಹೊಲಿದದ್ದು, ಒಳಪದರ ಕೊಟ್ಟು, ದಪ್ಪ, ಬೆಳಕು ಕೂಡ ನುಸುಳದ ಹಾಗೆ, ಏನೂ ಕಾಣುವುದಿಲ್ಲ ಈಗ, ಸುಡಲಿ ನನ್ನ ಕೆಲಸ. ನೀರು ಇಟ್ಟೆ. ಕಿವಿ ಆ ಕಡೆಗೆ. ಕೂತಳೇ? ಕುರ್ಚಿ ಕೀರ್ ಎಂದರೆ ಗೊತ್ತಾಗುತ್ತಿತ್ತು, ಅದು ಎನ್ನುವುದಿಲ್ಲ, ರಬ್ಬರ್ ವಾಷರ್ ಕೊಡಿ ಎಂದು ಪ್ರಾಣ ತಿಂದವಳು ನಾನೇ, ಸಾಮಾನ್ಯರ ಮನೆಯ ಕುರ್ಚಿಯ ಹಾಗೆ ಒಂದು ಸಲ ಕಿರುಗುಟ್ಟಿದರೆ ಏನಾಗುತ್ತಿತ್ತು ಅದಕ್ಕೆ! ಹಣಕಿ ನೋಡಲೇ, ಬೇಡ, ನೋಡಿದ್ದು ಕಂಡರೆ ಅಲ್ಲಿಗೆ ಮುಗಿಯಿತು, ಟೀ ಸೊಪ್ಪು, ಸಕ್ಕರೆ, ಒಂದಕ್ಕೆ ಸಕ್ಕರೆ ಬೇಡ, ಅವಳದು, ನೆನಪಿದೆ, ನಿಧಾನ, ಇನ್ನೂ ಸ್ವಲ್ಪ ನಿಧಾನ, ಕುದಿಯಲಿ, ಎರಡು ಸಲ ಕುದಿಯಲಿ, ಅಲ್ಲಿ ಒಂದು ಉಸಿರು ಕೇಳಿಸಿತೇ, ಇಲ್ಲ, ಬೀದಿಯ ಸೈಕಲ್ಲು. ಸೋಸಿದೆ. ತಟ್ಟೆಗೂ ಚೆಲ್ಲಿತು. ಒರೆಸಿದೆ. ಬರ್ತಿದೀನಿ ಅಕ್ಕ ಎಂದು ಬೇಕೆಂದೇ ಜೋರಾಗಿ ಹೇಳಿದೆ, ಲೋಟಗಳನ್ನು ಗಲಗಲ ಅನ್ನಿಸಿದೆ, ಪರದೆಯನ್ನು ಭುಜದಿಂದ ಸರಿಸಿದೆ.

ನಿಂತಿದ್ದಾಳೆ. ಕಿಟಕಿಯ ಹತ್ತಿರ, ನನಗೆ ಬೆನ್ನು ಹಾಕಿ, ಪರದೆಯ ಅಂಚು ಹಿಡಿದು, ಹೊಲಿಗೆ ಎಣಿಸುತ್ತಿದ್ದಾಳೆ, ಅಂಚು ಕೈಲೇ ಹಾಕಿದೀಯಾ? ಹೂಂ. ನಿಂತೇ ಇದ್ದಾಳೆ. ಇಷ್ಟು ಹೊತ್ತೂ ನಿಂತೇ, ಆ ಕಾಲಿನಲ್ಲಿ, ಆಯಿತು, ಗೆದ್ದೆ ಬಿಡು ನೀನು, ಎರಡು ತಿಂಗಳು ನಾನು ಹೊತ್ತದ್ದು, ಕೆರೆದದ್ದು, ಹೊಡೆದದ್ದು, ಎಲ್ಲ ಅಂಚಿನ ಹೊಲಿಗೆ ಎಣಿಸುವುದಕ್ಕೆ, ನನ್ನ ಕಿವಿ ಬಿಸಿಯಾಗುತ್ತಿದೆ, ಬರುತ್ತಿದೆ, ಉಕ್ಕಿ ಬರುತ್ತಿದೆ, ಕೂರಲ್ಲ ಕಣೆ, ಬಸ್ಸಿಗೆ ಹೊತ್ತಾಯ್ತು, ನಿಂತೇ ಕುಡಿತೀನಿ ಎನ್ನುತ್ತಿದ್ದಾಳೆ ಅವಳು ಕಿಟಕಿಗೆ ಹೇಳುವ ಹಾಗೆ, ನಾನು ತಟ್ಟೆಯನ್ನು ಉರು‌ಳೆಯ ಮೇಲೆ ಕುಕ್ಕಿ ಬಾಯಿ ತೆಗೆದೆ, ತೆಗೆದ ಬಾಯಿ ತೆಗೆದ ಹಾಗೇ — ಕುರ್ಚಿ. ಕುರ್ಚಿಯ ಮೇಲೆ. ಗಾಳಿ ನಿಂತ ಕೆರೆಯಲ್ಲಿ ಯಾರೋ ಇಳಿದು ಹೋದ ಹಾಗೆ, ಕೂರುವ ಜಾಗದಲ್ಲಿ ಕಡುಹಸಿರು, ಅಗಲಕ್ಕೆ, ಬೆನ್ನಿಗೂ ಸ್ವಲ್ಪ, ಒರಗಿದ್ದಾಳೆ, ಬೆನ್ನು ಕೊಟ್ಟು ಒರಗಿದ್ದಾಳೆ, ಆಮೇಲೆ ಬಲತೋಳು, ಅಲ್ಲಿ ಎಲ್ಲಕ್ಕಿಂತ ಆಳ, ಮೈಭಾರವನ್ನೆಲ್ಲ ಊರಿ ಎದ್ದ ಕೈ, ಅಂಗೈ ಪೂರ್ತಿ, ಹೆಬ್ಬೆರಳು, ನಡುಬೆರಳು, ಉಂಗುರಬೆರಳು, ಕಿರುಬೆರಳು, ಮತ್ತೆ ಹೆಬ್ಬೆರಳಿನ ಪಕ್ಕದಲ್ಲಿ ಒಂದು, ಮೊಟಕು, ತುದಿ ಇಲ್ಲದ್ದು, ಟೀ ಆರುತ್ತೆ ಕಣೆ, ಕೊಡು ಎನ್ನುತ್ತಿದ್ದಾಳೆ, ಬ್ರಷ್ಷು ಸೊಂಟದಲ್ಲೇ ಇದೆ, ಮುಟ್ಟುವುದಿಲ್ಲ, ಯಾರೂ ಮುಟ್ಟಬಾರದು, ಕೊಡ್ತೀನಿ ಅಕ್ಕ, ಹಸಿರಿನ ಮೇಲೆ ಕಡುಹಸಿರು, ನಾಲ್ಕು ಬೆರಳು ಉದ್ದ, ಒಂದು ಬೆರಳು ಮೊಟಕು